ದಾರಿಯ ಹಾಲು

"ಅವ್ವನವರೇ, ವಿಮಾನದಲ್ಲಿ ಹೋದರೆ ನಾನು ಸಂಜೆಯೊಳಗೆ ಅಲ್ಲಿರುತ್ತೇನೆ. ನೀವೇಕೆ ರೈಲಿನಲ್ಲಿ, ದೋಣಿಯಲ್ಲಿ ಹೋಗೆನ್ನುತ್ತೀರಿ?"

ಕೇಳಿದವಳು ಶಿಷ್ಯೆ. ದೂರದ ನಾಡಿನಲ್ಲಿ ಅವ್ವನವರ ಹೆಸರಿನಲ್ಲಿ ಒಂದು ಪಾಠಶಾಲೆ ತೆರೆಯುವುದಿತ್ತು. ಅದನ್ನು ನಡೆಸಲು ಅವಳು ಮರುದಿನ ಹೊರಡಬೇಕಿತ್ತು. ಚಿಕ್ಕಂದಿನಿಂದ ಅವ್ವನವರ ಬಳಿಯಲ್ಲೇ ಕಲಿತವಳು. ಕಲಿತದ್ದು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಹೆದರಿಕೆ ಅವಳಿಗೆ.

"ಹಾದಿಯುದ್ದಕ್ಕೂ ಎಂಥೆಂಥ ಜನವೋ, ಎಂಥೆಂಥ ಮಾತೋ. ಇಲ್ಲಿಂದ ತುಂಬಿಕೊಂಡು ಹೊರಟದ್ದು ಅಲ್ಲಿ ಮುಟ್ಟುವ ಹೊತ್ತಿಗೆ ಕಲಬೆರಕೆಯಾಗುವುದಿಲ್ಲವೇ?" ಎಂದಳು.

ಅವ್ವನವರು ಹುಟ್ಟಿದ ಊರು ಬಿಟ್ಟು ಬಹಳ ಕಾಲವಾಗಿತ್ತು. ಒಮ್ಮೊಮ್ಮೆ ಅಲ್ಲಿನ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು.

"ಮೊಸರಿಡುವ ಆ ಮಣ್ಣಿನ ಪಾತ್ರೆ... ಗಡಿಗೆಯಲ್ಲ, ಮಗೆಯೂ ಅಲ್ಲ. ಅಂಗೈಯಲ್ಲಿ ಕೂರುವಂಥದ್ದು. ಏನನ್ನುತ್ತಿದ್ದರು ಅದಕ್ಕೆ?"

"ಕುಡಿಕೆಯೇ?"

"ಹೂಂ, ಕುಡಿಕೆ. ಒಬ್ಬ ಹೆಂಗಸು ಅಂಥ ಎರಡು ಕುಡಿಕೆ ಹಿಡಿದು ರೈಲು ಹತ್ತಿದಳು" ಎಂದು ಅವ್ವನವರು ಕತೆ ಹಿಡಿದರು.

ಆ ಹೆಂಗಸಿನ ಮನೆಯಲ್ಲಿ ಹೆಪ್ಪು ಮುರಿದದ್ದೇ ಇಲ್ಲ. ಅತ್ತೆಯ ಅತ್ತೆಯ ಕಾಲದಿಂದ ಬಂದ ಹೆಪ್ಪು. ಇಂದಿನ ಮೊಸರಿನ ಒಂದು ತೊಟ್ಟು ನಾಳೆಯ ಹಾಲಿಗೆ, ನಾಳೆಯದು ನಾಡಿದ್ದಿನ ಹಾಲಿಗೆ. ದೀಪ ಹಚ್ಚಿದ ಮೇಲೆ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಬೇರೆ ಮನೆಯ ಹೆಪ್ಪನ್ನು ಎಂದೂ ತರುತ್ತಿರಲಿಲ್ಲ. ಆ ಮನೆಯ ಮಗುವಿಗೆ ಮೊದಲ ತುತ್ತು ಅನ್ನವನ್ನು ಆ ಮೊಸರಿನಲ್ಲೇ ಕಲಸಿ ಉಣಿಸಬೇಕು. ಹೆಣ್ಣುಮಕ್ಕಳು ಹೆತ್ತ ಮಕ್ಕಳಿಗೂ ಅದೇ ಪದ್ಧತಿ.

ಅವಳಿಗೆ ಒಬ್ಬಳೇ ಮಗಳು. ಮಗಳನ್ನು ಕೊಟ್ಟದ್ದು ಪೂರ್ವದ ತುದಿಗೆ, ಒಂದು ಮಹಾನದಿಯ ನಡುವೆ ಇರುವ ದ್ವೀಪಕ್ಕೆ. ಮಗಳಿಗೆ ಮಗು ಹುಟ್ಟಿತು. ಅನ್ನಪ್ರಾಶನಕ್ಕೆ ದಿನವೂ ಗೊತ್ತಾಯಿತು. ಹೆಂಗಸಿಗೆ ವಯಸ್ಸಾಗಿತ್ತು. ಸಾಕಲಾರದೆ ಎಮ್ಮೆಯನ್ನು ಆ ವಾರವೇ ಕೊಟ್ಟುಬಿಟ್ಟಿದ್ದಳು. ಈ ಸಲ ಹೆಪ್ಪು ಮಗಳ ಮನೆ ಸೇರದಿದ್ದರೆ ಮುಂದೆಂದೂ ಸೇರುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಮಗಳು ಫೋನಿನಲ್ಲಿ ವಿಮಾನದ ಮಾತೆತ್ತಿದಳು.

"ಕುಡಿಕೆಯನ್ನು ಮಡಿಲಲ್ಲಿಟ್ಟುಕೊಳ್ಳಲು ಬಿಡುತ್ತಾರೇನೇ?"

"ಇಲ್ಲವ್ವ. ಮೊಸರು ಕಂಡರೆ ತೆಗೆದಿಟ್ಟುಕೊಳ್ಳುತ್ತಾರೆ."

"ಹಾಗಾದರೆ ನಾನು ನೆಲದ ಮೇಲೇ ಬರುತ್ತೇನೆ."

ಮನೆಯ ಎಮ್ಮೆಯ ಕೊನೆಯ ಹಾಲಿನ ಮೊಸರನ್ನು ಅವಳು ಎರಡು ಕುಡಿಕೆಗೆ ತುಂಬಿದಳು. ಒಂದು ಮಗಳ ಮನೆಗೆ. ಅದರ ಬಾಯಿಗೆ ಎಲೆ ಮುಚ್ಚಿ, ಬಟ್ಟೆ ಕಟ್ಟಿ, ಮೇಲೆ ಮೇಣ ಹಚ್ಚಿದಳು. ಹುಳಿಯಾದರೂ ಚಿಂತೆಯಿಲ್ಲ, ಒಂದು ತೊಟ್ಟು ಉಳಿದರೆ ಸಾಕು ಎಂಬುದು ಅವಳ ಲೆಕ್ಕ. ಇನ್ನೊಂದು ದಾರಿಯ ಊಟಕ್ಕೆ. ಅವಲಕ್ಕಿಗೆ ಮೊಸರಿಲ್ಲದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ದಾರಿಯ ಕುಡಿಕೆ ಮರುದಿನವೇ ತಳ ಕಂಡಿತು. ಸಂಜೆ ಅವಳು ರೈಲಿನ ಚಹಾದವನಿಂದ ಸಕ್ಕರೆ ಹಾಕದ ಹಾಲು ಕೇಳಿ ಪಡೆದಳು. ಬೆರಳಿಟ್ಟು ನೋಡಿ, ಬೆಚ್ಚಗಾಗುವವರೆಗೆ ಕಾದು, ಕುಡಿಕೆಗೆ ಹೊಯ್ದಳು. ಬೆಳಗ್ಗೆ ಮೊಸರು ಗಟ್ಟಿಯಾಗಿತ್ತು. ಅದರ ಮರುದಿನ ಎದುರಿನ ತಾಯಿಯೊಬ್ಬಳು ತನ್ನ ಮಗುವಿನ ಹಾಲಿನಲ್ಲೇ ಒಂದಿಷ್ಟು ಕೊಟ್ಟಳು. ರೈಲು ಬದಲಿಸಿದ ನಿಲ್ದಾಣದಲ್ಲಿ ಸಿಕ್ಕಿದ್ದು ಆಡಿನ ಹಾಲು. ಅವಳು ಮೂಗು ಮುರಿದಳು. ಆದರೂ ಹೆಪ್ಪು ಹಾಕಿದಳು, ಆದರೂ ಉಂಡಳು. ಹೊಟ್ಟೆಗೆ ತಾನೇ ಎಂದುಕೊಂಡಳು.

ಮೇಣ ಹಚ್ಚಿದ ಕುಡಿಕೆ ಮಾತ್ರ ಅವಳ ಮಡಿಲು ಬಿಟ್ಟು ಇಳಿಯಲಿಲ್ಲ. ಯಾರಾದರೂ ಒತ್ತಿಕೊಂಡು ಬಂದರೆ ಸೆರಗಿನಿಂದ ಅದನ್ನು ಮರೆಮಾಡುತ್ತಿದ್ದಳು. ಪಕ್ಕದಲ್ಲಿ ಕೂತ ಒಬ್ಬ ಮುದುಕ, ಬಳೆಯ ವ್ಯಾಪಾರಿ, ಇದನ್ನೆಲ್ಲ ನೋಡುತ್ತಲೇ ಇದ್ದ.

"ಏನಮ್ಮ, ಮಡಿಲಲ್ಲಿರುವುದು ಕೂಸೇ?" ಎಂದು ಕೇಳಿದ.

"ನನಗೆ ಕೂಸಿಗಿಂತ ಹೆಚ್ಚು."

"ಹತ್ತಿದಾಗಿನಿಂದ ನೋಡುತ್ತಿದ್ದೇನೆ. ಒಂದು ತೊಟ್ಟು ಹಾಲು ಕುಡಿಸಿದ್ದು ಕಾಣಲಿಲ್ಲ" ಎಂದು ಅವನು ನಕ್ಕ.

ಅವಳಿಗೆ ಸಿಟ್ಟು ಬಂತು. ಮುಖ ತಿರುಗಿಸಿ ಕೂತಳು.

ರೈಲು ಮುಗಿಯಿತು, ನದಿ ಬಂತು. ನೀರಿನ ಮೇಲೆ ಮಂಜು ಕವಿದು ದೋಣಿ ಬಿಡಲಿಲ್ಲ. ಜನ ತಮ್ಮ ಸೈಕಲ್ಲು, ಅಕ್ಕಿಮೂಟೆ, ಬಾತುಕೋಳಿಗಳೊಂದಿಗೆ ದಡದಲ್ಲೇ ಕೂತರು. ಅವಳೂ ಕೂತಳು. ಅನ್ನಪ್ರಾಶನದ ದಿನ ಹತ್ತಿರವಾಗುತ್ತಿತ್ತು. ದಡದ ಚಹಾದಂಗಡಿಯಲ್ಲಿ ಹಾಲೂ ಇರಲಿಲ್ಲ. ಅಂಗಡಿಯವಳು ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕೊಟ್ಟಳು. ದಾರಿಯ ಕುಡಿಕೆಗೆ ಅದೂ ಬಿತ್ತು. ಮಂಜು ಕರಗಿ ದೋಣಿ ಬಿಟ್ಟಾಗ ನಾಳೆಯೇ ಅನ್ನಪ್ರಾಶನ.

ಮಗಳ ಮನೆಗೆ ಬಂದವಳು ನೀರು ಕೂಡ ಕೇಳಲಿಲ್ಲ. ಒಳಗೆ ಹೋಗಿ ಮೇಣ ಒಡೆದಳು. ಮೊಸರಿನ ಮೇಲೆ ಕಪ್ಪು ಬೂಷ್ಟು ಕಟ್ಟಿತ್ತು. ಅದನ್ನು ತೆಗೆದು, ಅಡಿಯಿಂದ ಒಂದು ತೊಟ್ಟು ಎತ್ತಿ, ಕಣ್ಣು ಮುಚ್ಚಿ ಹಾಲಿಗೆ ಬಿಟ್ಟಳು. ದಾರಿಯ ಕುಡಿಕೆ ಹೊಸಿಲ ಬಳಿಯೇ ಉಳಿದಿತ್ತು. ಬೀಗಿತ್ತಿ ಅದನ್ನು ಕಂಡಳು. ಬೀಗರ ಊರಿನ ಹೆಪ್ಪು ಇದೇ ಇರಬೇಕೆಂದು ಎತ್ತಿಕೊಂಡು ಹೋಗಿ, ತನ್ನ ಹಸುವಿನ ಹಾಲಿಗೆ ತಾನೂ ಒಂದು ತೊಟ್ಟು ಹಾಕಿಟ್ಟಳು.

ಬೆಳಗ್ಗೆ ಹೆಂಗಸು ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಹಾಲು ಒಡೆದು, ನೂಲುನೂಲಾಗಿ, ನಾರುತ್ತಿತ್ತು. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಅಷ್ಟರಲ್ಲಿ ಬೀಗಿತ್ತಿ ತನ್ನ ಪಾತ್ರೆ ತಂದಿಟ್ಟಳು. ಅದರಲ್ಲಿ ಮೊಸರು ಬೆರಳೂರಿದರೆ ಗುರುತು ನಿಲ್ಲುವಷ್ಟು ಗಟ್ಟಿಯಾಗಿತ್ತು.

"ಅದು ಬೇಡ" ಎಂದಳು ಹೆಂಗಸು. "ಅದು ದಾರಿಯದು. ಅದರಲ್ಲಿ ಆಡಿನ ಹಾಲಿದೆ, ಪುಡಿಯ ಹಾಲಿದೆ, ಯಾರ್ಯಾರದೋ ಹಾಲಿದೆ. ನಮ್ಮದು ನಿನ್ನೆಗೇ ಮುಗಿಯಿತು."

ಮಗಳು ಅದನ್ನೂ, ಆ ಹೆಪ್ಪು ಯಾರ ಕಾಲದಿಂದ ಬಂದದ್ದೆಂಬುದನ್ನೂ ಅತ್ತೆಗೆ ಅವರ ಭಾಷೆಯಲ್ಲಿ ಹೇಳಿದಳು. ಬೀಗಿತ್ತಿ ಬಹಳ ಹೊತ್ತು ಯೋಚಿಸಲಿಲ್ಲ.

"ನಿಮ್ಮಮ್ಮನ ಅತ್ತೆಯ ಅತ್ತೆ ಹಾಲು ಕರೆದ ಎಮ್ಮೆ ಇನ್ನೂ ಕೊಟ್ಟಿಗೆಯಲ್ಲಿತ್ತೇನು, ಕೇಳು" ಎಂದಳು.

ಮಗಳು ಅದನ್ನು ಕೇಳಿದಾಗ ಹೆಂಗಸಿಗೆ ತನ್ನ ಕೈಯಲ್ಲೇ ಎಷ್ಟು ಎಮ್ಮೆಗಳು ಬದಲಾಗಿದ್ದವೆಂದು ನೆನಪಾಯಿತು. ಎಮ್ಮೆ ಬತ್ತಿದಾಗ ನೆರೆಮನೆಯಿಂದ ಹಾಲು ತಂದದ್ದು ನೆನಪಾಯಿತು. ಆ ಹೆಪ್ಪು ತನ್ನ ಮನೆಯಲ್ಲಿ ಒಂದು ದಿನವಾದರೂ ಹೊಸ ಹಾಲಿಲ್ಲದೆ ಕೂತಿರಲಿಲ್ಲ ಎಂಬುದೂ ನೆನಪಾಯಿತು.

ಅವಳು ಎದ್ದು ಕೈ ತೊಳೆದಳು. ಬೀಗಿತ್ತಿಯ ಪಾತ್ರೆಯಿಂದ ಮೊಸರು ತೆಗೆದು ಅನ್ನಕ್ಕೆ ಕಲಸಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ತುತ್ತು ಇಟ್ಟಳು. ಮಗು ಮುಖ ಕಿವುಚಿತು, ಆಮೇಲೆ ನುಂಗಿತು.

ಅವ್ವನವರು ಅಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇದೆಯೆಂದು ಶಿಷ್ಯೆಯ ಎಣಿಕೆ.

"ಮಗು ಉಂಡದ್ದು ಯಾರ ಮನೆಯ ಮೊಸರು ಹಾಗಾದರೆ?" ಎಂದು ಕೇಳಿದಳು.

ಅವ್ವನವರು ಅವಳ ರೈಲಿನ ಟಿಕೆಟ್ಟನ್ನು ಅವಳ ಕೈಗಿಟ್ಟರು.

"ನಾಳೆ ಸಂಜೆ ನೀನು ಯಾರನ್ನು ಹಾಲು ಕೇಳುತ್ತೀ?"

ಶಿಷ್ಯೆ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ದಾರಿಗೆ ಬುತ್ತಿ ಕಟ್ಟಲು ಎದ್ದಳು.