ಬಾಳವ್ವನ ಗುರುತು

ಬಹಳ ಹಿಂದೆ, ಕರಿ ಮಣ್ಣಿನ ಸೀಮೆಯಲ್ಲಿ ಎರೆಗನಾಳ ಅಂತ ಒಂದು ಊರಿತ್ತು. ಎಷ್ಟು ಹಿಂದೆ ಅಂದರೆ, ಈ ಕಥೆ ಮೊದಲು ಹೇಳಿದವರೂ ಇನ್ಯಾರದೋ ಬಾಯಲ್ಲಿ ಕೇಳಿದ್ದೇ.

ಆಗ ಜನ ಬೀಜವನ್ನು ಕೈಯಲ್ಲಿ ಎರಚಿ ಬಿತ್ತುತ್ತಿದ್ದರು. ಅರ್ಧ ಹಕ್ಕಿಗೆ ಹೋಗುತ್ತಿತ್ತು. ಆ ಊರಿನ ಬಡಿಗೇರರು ಕೂಡಿ ಒಂದು ಕೂರಿಗೆ ಕಟ್ಟಿದರು. ಮೇಲೆ ಬೀಜ ಬಿಡುವ ಮರದ ಬಟ್ಟಲು, ಅದರಿಂದ ಇಳಿಯುವ ಮೂರು ಬಿದಿರ ಕೊಳವಿ, ಕೆಳಗೆ ಮಣ್ಣು ಸೀಳುವ ಮೂರು ತಾಳು. ಕಟ್ಟಿದವರು ಅಳತೆ ಮುಚ್ಚಿಡಲಿಲ್ಲ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲಿ, ಇನ್ನೂ ಚೆನ್ನಾಗಿ ಮಾಡಿದವರು ಬಂದು ತೋರಿಸಲಿ ಅಂದರಂತೆ. ಹನ್ನೆರಡು ಊರಿನ ಬಡಿಗೇರರು ಬಂದು ಸೇರಿದರು. ಚಾವಡಿಯಲ್ಲಿ ಮೂಲ ಕೂರಿಗೆ ನಿಲ್ಲಿಸಿ, ತಿದ್ದಿದವರ ಗುರುತನ್ನು, ತಾಳು ಕೂಡಿಸಿದ ಅದರ ದಪ್ಪ ಮರದ ದಿಂಡಿನ ಮೇಲೆ ಕೆತ್ತುತ್ತಾ ಹೋದರು.

ಆ ಊರಲ್ಲೇ ಬಾಳವ್ವ ಇದ್ದಳು. ಬಟ್ಟಲಿಗೆ ಬೀಜ ಬಿಡುವವಳು. ಜೋಳ ಕೊಳವಿಯಲ್ಲಿ ಇಳಿಯುವ ಸದ್ದು ಕೇಳಿಯೇ ಯಾವ ಕೊಳವಿ ಕಟ್ಟಿಕೊಂಡಿದೆ ಅಂತ ಹೇಳುತ್ತಿದ್ದಳಂತೆ. ಕೂರಿಗೆ ಹೋದ ಊರಿಗೆಲ್ಲ ಅವಳೂ ನಡೆದು ಹೋದಳು. ಹೆಂಗಸರ ಕೈ ಹಿಡಿದು, ಬೆರಳ ಸಂದಿಯಿಂದ ಬೀಜ ಹೇಗೆ ಜಾರಿಸಬೇಕು ಅಂತ ತೋರಿಸಿದಳು. ಹೊಳೆಯಾಚೆ ಬೇರೆ ಮಾತಿನ ಜನ ಇದ್ದರು. ಒಂದು ಬೇಸಿಗೆ ಅಲ್ಲೇ ಕೂತು ಅವರ ಮಾತು ಕಲಿತು, ಅವರ ಮಾತಲ್ಲೇ ಹೇಳಿಕೊಟ್ಟಳು ಅಂತಾರೆ.

ತಿರುಗಿ ಬರುವಾಗ ದೂರು ಹೊತ್ತು ತರುತ್ತಿದ್ದಳು. ಹಸಿ ಮಣ್ಣಲ್ಲಿ ಕೊಳವಿಯ ಬಾಯಿ ಮೆತ್ತಿಕೊಳ್ಳುತ್ತದೆ, ಓರೆಯಾಗಿ ಕೊಯ್ಯಿರಿ ಅಂದಳು. ಹಿರಿಯ ಬಡಿಗೇರ ಮೌನೇಶಪ್ಪ ಓರೆಯಾಗಿ ಕೊಯ್ದ. ದಿಂಡಿನ ಮೇಲೆ ಮೌನೇಶಪ್ಪನ ಗುರುತು ಬಂತು. ಬಟ್ಟಲಿನ ಅಂಚು ಬೆರಳು ಕೊಯ್ಯುತ್ತದೆ ಅಂದಳು. ಇನ್ನೊಬ್ಬ ಉಜ್ಜಿ ನುಣುಪು ಮಾಡಿದ, ಅವನ ಗುರುತು ಬಂತು. ಹೀಗೆ ಹನ್ನೊಂದು ದೂರು, ಹನ್ನೊಂದು ಗುರುತು ಅಂತಾರೆ.

ಒಂದು ವರ್ಷ ಬಡಿಗೇರರೆಲ್ಲ ಸೇರಿದಾಗ ಬಾಳವ್ವ ಎದ್ದು ನಿಂತು, ನನ್ನದೂ ಒಂದು ಗುರುತು ಇರಲಿ ಅಂದಳು.

ಚಾವಡಿ ನಕ್ಕಿತು. "ನೀ ಏನ್ ಕೆತ್ತೀಯವ್ವಾ? ನಿನ್ನ ಉಳಿ ಎಲ್ಲೈತಿ?" ಅಂತ ಒಬ್ಬ ಕೇಳಿದ.

ಬಾಳವ್ವ ಮೌನೇಶಪ್ಪನ ಮುಖ ನೋಡಿದಳು. ಅವನಿಗೆ ಎಲ್ಲ ಗೊತ್ತಿತ್ತು. ಅವನು ಹೆಗಲ ಮೇಲಿನ ವಲ್ಲಿ ಕೊಡವಿ ಮತ್ತೆ ಹಾಕಿಕೊಂಡ, ಅಷ್ಟೇ.

ಅವಳು ಮನೆಗೆ ಹೋದಳು. ಆಮೇಲೆ ತನ್ನ ಹೊಲ ಬಿಟ್ಟು ಬೇರೆಲ್ಲೂ ಬಿತ್ತಲಿಲ್ಲ.

ಬಡಿಗೇರರು ಆರು ತಾಳಿನ ದೊಡ್ಡ ಕೂರಿಗೆ ಕಟ್ಟಿದರು. ನೋಡಲು ಅಷ್ಟು ಚೆಂದ. ಹನ್ನೆರಡು ಊರಿಗೂ ಅದೇ ಹೋಯಿತು. ದೂರು ಬರಲಿಲ್ಲ, ಎಲ್ಲ ಸರಿ ಇದೆ ಅಂದುಕೊಂಡರು. ಹೊಳೆಯಾಚೆಯ ಒಬ್ಬ ಹೆಣ್ಣುಮಗಳು ಮಾತ್ರ ಅಷ್ಟು ದೂರದಿಂದ ಬಂದು, ಅಂಚಿನ ಎರಡು ಕೊಳವಿಯಲ್ಲಿ ಬೀಜ ಇಳಿಯುತ್ತಿಲ್ಲ ಅಂತ ಕೈಸನ್ನೆಯಲ್ಲಿ ತೋರಿಸಿದಳಂತೆ. ತಪ್ಪು ನಿನ್ನ ಕೈಯದು ಅಂತ ಕಳಿಸಿಬಿಟ್ಟರು.

ಬಾಳವ್ವನೂ ಅದನ್ನು ಕೇಳಿದ್ದಳು. ಪಕ್ಕದ ಹೊಲದಲ್ಲಿ ಕೂರಿಗೆ ಹೋಗುವಾಗ ನಾಲ್ಕು ಕೊಳವಿ ಸದ್ದು ಮಾಡಿದವು, ಎರಡು ಮಾಡಲಿಲ್ಲ. ಅವಳ ಕಾಲು ತಾವಾಗೇ ಎದ್ದವಂತೆ. ಅವಳು ಮತ್ತೆ ಕೂತಳು. ಕೇಳಿದರೆ ಹೇಳೋಣ ಅಂದುಕೊಂಡಳು. ಯಾರೂ ಕೇಳಲಿಲ್ಲ.

ಪೈರು ಎದ್ದಾಗ ನಡುವೆ ಒತ್ತಾಗಿ ಬಡಕಲು, ಅಂಚಿಗೆ ಬರೀ ಮಣ್ಣು. ತೆನೆ ಕಟ್ಟಲಿಲ್ಲ. ಆ ವರ್ಷ ಹನ್ನೆರಡು ಊರಿನವರು ಹುಣಸೆ ಬೀಜ ಹುರಿದು, ಬೀಸಿ ತಿಂದರು. ಬಾಳವ್ವನ ತಂಗಿಯ ಕೂಸು ಅದನ್ನು ಅರಗಿಸಿಕೊಳ್ಳಲಾರದೆ ತೀರಿಹೋಯಿತು ಅಂತಾರೆ. ಹೊಳೆಯಾಚೆ ಕೂರಿಗೆಗಳನ್ನು ಒಡೆದು ಒಲೆಗೆ ಹಾಕಿದರು.

ಆಗ ಮೌನೇಶಪ್ಪ ಅವಳ ಅಂಗಳಕ್ಕೆ ಬಂದ. ನೀನು ಬರದೆ ಆಗದು ಅಂದ.

"ಅಂಚಿನ ಕೊಳವಿ ಮಲಗ್ಯಾವು, ಬೀಜ ಜಾರೂದಿಲ್ಲ. ನೆಟ್ಟಗ ನಿಲ್ಲಿಸು," ಅಂದಳು ಬಾಳವ್ವ.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಅವನು ಕೇಳಿದ.

"ಅವತ್ತು ಚಾವಡ್ಯಾಗ ನೀ ಯಾಕ್ ಹೇಳಲಿಲ್ಲ?"

ಅವನು ಹೋಗಿ ಕೊಳವಿ ನಿಲ್ಲಿಸಿದ. ಬೀಜ ಇಳಿಯಿತು. ಅವಳು ಮಾತ್ರ ಅವರ ಕೂರಿಗೆಗೆ ಮತ್ತೆ ಕೈ ಹಚ್ಚಲಿಲ್ಲ. ತಂಗಿ ಕೊನೆಯವರೆಗೂ ಅವಳನ್ನು ಮಾತಾಡಿಸಲಿಲ್ಲ.

ಬಾಳವ್ವ ಸತ್ತ ಮೇಲೆ ಬಡಿಗೇರರು ಅವಳ ಗುರುತು ಕೆತ್ತಲು ಕೂತರು. ಏನು ಕೆತ್ತಬೇಕು ಅಂತ ಗೊತ್ತಾಗಲಿಲ್ಲ. ದೊಡ್ಡ ಕೆಲಸ ಅಂದರೆ ಅವರಿಗೆ ಗೊತ್ತಿದ್ದದ್ದು ಒಂದೇ. ಬಾಳವ್ವ ಎಂದೂ ಹಿಡಿಯದ ಒಂದು ಉಳಿ ಕೆತ್ತಿದರು.

ಆಮೇಲೆ ಕಟ್ಟಿದ ಕೂರಿಗೆಗಳಿಗೂ ಅದನ್ನೇ ಕೆತ್ತುತ್ತಾ ಬಂದರು; ಆ ಸೀಮೆಯಲ್ಲಿ ಆ ಉಳಿ ಈಗಲೂ ಇದೆ ಅಂತಾರೆ. ಬಿತ್ತುವ ದಿನ ಹೆಂಗಸರು ಮೊದಲು ಒಂದು ಹಿಡಿ ಹಸಿ ಎರೆಮಣ್ಣು ತಂದು ಆ ಉಳಿ ಕಾಣದ ಹಾಗೆ ಮೆತ್ತುತ್ತಾರೆ. ಆಮೇಲೇ ಬಾಳವ್ವಾ ಅಂತ ಕರೆದು ಬಟ್ಟಲಿಗೆ ಬೀಜ ಬಿಡುತ್ತಾರೆ. ದೂರ ನಿಂತ ಬಡಿಗೇರರು ಅದನ್ನು ಪೂಜೆ ಅಂದುಕೊಂಡು ಕೈ ಮುಗಿಯುತ್ತಾರೆ.