ಎತ್ತಿನ ಕಣ್ಣಿನ ಬೊಟ್ಟು

"ಗುರುಗಳೇ, ಜೊತೆಯವನು ನನಗಿಂತ ಚೆನ್ನಾಗಿ ವೀಣೆ ನುಡಿಸುತ್ತಾನೆ. ಅವನ ತಂತಿ ಕಡಿದುಹೋಗಲಿ ಅನ್ನಿಸುತ್ತದೆ. ಹೀಗೆ ಅನ್ನಿಸಿದರೆ ನಷ್ಟ ಯಾರಿಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಮೂವತ್ತು ವರ್ಷ ಕುಂಚ ಹಿಡಿದವನು. ಬೇಸಿಗೆ ಬಂದರೆ ಕೆಲಸ ನಿಲ್ಲಿಸಿ, ಹೆಂಡತಿಯೊಡನೆ ಕಮಾನುಗಾಡಿ ಹತ್ತಿ ಊರೂರು ನೋಡುತ್ತಿದ್ದ. ಅಡುಗೆ, ನಿದ್ದೆ ಎಲ್ಲ ಗಾಡಿಯಲ್ಲೇ. ಮನೆಯೇ ಜೊತೆಗೆ ಬಂದ ಹಾಗೆ.

ಒಂದು ಸಣ್ಣ ಊರಿನಲ್ಲಿ ಒಂದೇ ಕೋಣೆಯ ಚಿತ್ರಶಾಲೆಯಿತ್ತು. ಊರವರೇ ಬರೆದ ಚಿತ್ರಗಳು. ದೊಡ್ಡ ಊರುಗಳಲ್ಲಿ ಹೆಸರು ಮಾಡಿದ್ದ ಅವನು ನಗುತ್ತಲೇ ಒಳಗೆ ಹೋದ. ಹೆಂಡತಿ ಒಂದು ಚಿತ್ರದ ಮುಂದೆ ನಿಂತವಳು ಕದಲಲಿಲ್ಲ. ಗಾಣದ ಎತ್ತೊಂದು ನೀರಿನ ಕಡೆಗೆ ಕತ್ತು ಚಾಚಿತ್ತು. ಬರೆದವಳು ಆ ಊರಿನ ಗಾಣಿಗರ ಹೆಂಗಸು.

"ಅದರಲ್ಲಿ ಅಂಥದ್ದೇನಿದೆ? ಕಣ್ಣನ್ನೇ ಬರೆದಿಲ್ಲ, ಆ ಜಾಗದಲ್ಲಿ ಬರೀ ಸುತ್ತುಗೆರೆ," ಎಂದ.

"ಇದಕ್ಕೆ ಬಾಯಾರಿದೆ ಕಣ್ರೀ. ನಿಮ್ಮ ಎತ್ತುಗಳು ಯಾವಾಗಲೂ ಈಗಷ್ಟೇ ನೀರು ಕುಡಿದು ಬಂದ ಹಾಗಿರುತ್ತವೆ," ಎಂದು ಅವಳು ನಕ್ಕು ಗಾಡಿಗೆ ಹೋದಳು.

ಅವನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಮೂವತ್ತು ವರ್ಷದಲ್ಲಿ ತನ್ನ ಯಾವ ಚಿತ್ರದ ಮುಂದೆಯೂ ಅವಳು ಅಷ್ಟು ಹೊತ್ತು ನಿಂತಿರಲಿಲ್ಲ. ಅವನಿಗೆ ಉರಿದದ್ದು ಇದೇ, ಬೇರೇನೂ ಅಲ್ಲ.

ಆ ಊರಿನಲ್ಲೊಂದು ಪದ್ಧತಿಯಿತ್ತು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಂತೆ, ಪ್ರತಿ ಚಿತ್ರಕ್ಕೂ ಪರವೂರಿನವರೊಬ್ಬರ ಕೈಯಿಂದ ಒಂದು ಕಪ್ಪು ಬೊಟ್ಟು ಇಡಿಸುತ್ತಿದ್ದರು. ಬೊಟ್ಟು ಇಡಬೇಕಾದದ್ದು ಮೂಲೆಯಲ್ಲಿ, ಚಿತ್ರ ಕೆಡಬಾರದೆಂದು. ಇಟ್ಟವರ ಹೆಸರು ಕೇಳುತ್ತಿರಲಿಲ್ಲ.

"ಎತ್ತಿಗೆ ಇನ್ನೂ ಬೊಟ್ಟಾಗಿಲ್ಲ, ನಿಮ್ಮ ಕೈಯಿಂದ ಆಗಲಿ ಯಜಮಾನರೇ," ಎಂದು ಕಾವಲಿನ ಮುದುಕ ಕಾಡಿಗೆಯ ಬಟ್ಟಲನ್ನೂ ಕುಂಚವನ್ನೂ ಕೊಟ್ಟು ಅತ್ತ ತಿರುಗಿದ.

ಚಿತ್ರಗಾರ ಮೂಲೆಯಲ್ಲಿ ಇಡಲಿಲ್ಲ. ಚಿತ್ರ ಹಾಳಾಗಲೆಂದು ನೇರ ಎತ್ತಿನ ಕಣ್ಣಿನ ಮೇಲೆ ಇಟ್ಟ. ತಿರುಗಿ ನೋಡದೆ ಹೊರಟುಹೋದ.

ಮರುವರ್ಷ ಹೆಂಡತಿ ಹಟ ಹಿಡಿದು ಅವನನ್ನು ಅಲ್ಲಿಗೇ ಕರೆತಂದಳು. ಎತ್ತಿನ ಮುಂದೆ ಜನ ನೆರೆದಿದ್ದರು. ಕೆಡಿಸಲು ಹೋದ ಕೈಗೆ ಕೆಡಿಸುವುದು ಗೊತ್ತಿರಲಿಲ್ಲ. ಮೂವತ್ತು ವರ್ಷ ಅದು ಕಲಿತದ್ದು ಸರಿಯಾಗಿ ಇಡುವುದನ್ನೇ. ಈಗ ಎತ್ತು ನೀರನ್ನು ನೋಡುತ್ತಿತ್ತು.

ಗಾಣಿಗರ ಹೆಂಗಸು ಬಂದವರಿಗೆಲ್ಲ ಹೇಳುತ್ತಿದ್ದಳು: "ಕಣ್ಣು ನನ್ನದಲ್ಲಪ್ಪಾ. ಎಷ್ಟು ಸಲ ಬರೆದರೂ ನನಗೆ ಬರಲಿಲ್ಲ, ಬಿಟ್ಟುಬಿಟ್ಟಿದ್ದೆ. ಯಾರೋ ಪುಣ್ಯಾತ್ಮರು ಇಟ್ಟು ಹೋದರು. ಸಿಕ್ಕರೆ ಕಾಲಿಗೆ ಬೀಳುತ್ತೇನೆ."

ಹೆಂಡತಿ ಬಹಳ ಹೊತ್ತು ನೋಡಿ ಮೆಲ್ಲಗೆ ಅಂದಳು: "ಅಂಥ ಕೈ ನಿಮಗೂ ಇದ್ದಿದ್ದರೆ, ರೀ."

ಇಟ್ಟವನು ನಾನೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಆದರೆ ಹಾಗೆಂದರೆ, ಮೂಲೆ ಬಿಟ್ಟು ಕಣ್ಣಿನ ಮೇಲೇಕೆ ಇಟ್ಟಿರಿ ಎಂದು ಅವಳು ಕೇಳುತ್ತಾಳೆ. ಅವನು ಹೋಗಿ ಗಾಡಿ ಹತ್ತಿದ.

ಶಿಷ್ಯ ಕೇಳಿದ: "ಚಿತ್ರ ಕೆಡಲಿಲ್ಲ, ಅವಳಿಗೆ ಕಣ್ಣು ಸಿಕ್ಕಿತು. ಹಾಗಾದರೆ ನಷ್ಟವೆಲ್ಲಿ ಬಂತು ಗುರುಗಳೇ?"

ಗುರುಗಳು ಹೇಳಿದರು: "ಅವನು ಬದುಕಿನಲ್ಲಿ ಇಟ್ಟ ಅತ್ಯುತ್ತಮ ಬೊಟ್ಟು ಆ ಗೋಡೆಯ ಮೇಲಿದೆ, ಅದು ನನ್ನದು ಎನ್ನಲು ಅವನಿಗೆ ಬಾಯಿಲ್ಲ."