ಅಮೃತಗಳಿಗೆಯ ನಟ್ಟು

"ಗುರುಗಳೇ, ದೇವರ ಮುಂದೆ ಮಾಡಿದ ಸಂಕಲ್ಪವನ್ನು ಸಡಿಲಿಸಿದರೆ ದೇವರು ಮುನಿಯುತ್ತಾನೆಯೇ?"

ಹೀಗೆ ಕೇಳಿದವನು ಶಂಭುಲಿಂಗ. ಬೆಳಗಿನ ಪೂಜೆ ಆಗಷ್ಟೇ ಮುಗಿದಿತ್ತು. ಗುರುಗಳು ಆಶ್ರಮದ ಜಗಲಿಯ ಮೇಲೆ ಕುಳಿತು ಬುಟ್ಟಿಯಿಂದ ಬಾಡಿದ ಹೂಗಳನ್ನು ಬೇರೆ ಮಾಡುತ್ತಿದ್ದರು. ನಾವು ನಾಲ್ಕಾರು ಮಂದಿ ಸುತ್ತ ಕುಳಿತಿದ್ದೆವು.

"ಯಾವ ಸಂಕಲ್ಪ?" ಎಂದರು ಗುರುಗಳು.

"ಶಿವರಾತ್ರಿಯ ದಿನ ತಮ್ಮ ಎದುರಿನಲ್ಲೇ ಮಾಡಿದ್ದು. ಮುಂದಿನ ಶಿವರಾತ್ರಿಯವರೆಗೆ ಆಶ್ರಮ ಬಿಟ್ಟು ಕದಲುವುದಿಲ್ಲ ಎಂದು. ಈಗ ತಂಗಿ ಹೇಳಿ ಕಳಿಸಿದ್ದಾಳೆ. ನಾಡಿದ್ದು ಅವಳ ಮಗಳ ಮದುವೆ. ಹುಡುಗಿಗೆ ಸೋದರಮಾವ ಅಂತ ಇರುವವನು ನಾನೊಬ್ಬನೇ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ನಾನು. ಮಾವ ಬರದಿದ್ದರೆ ಕೋಣೆಯಿಂದ ಆಚೆಗೇ ಬರೋದಿಲ್ಲ ಅಂತ ಆ ಹುಡುಗಿ ಹಟ ಹಿಡಿದಿದೆಯಂತೆ. ಅತ್ತ ಆ ಮಗು, ಇತ್ತ ದೇವರಿಗೆ ಕೊಟ್ಟ ಮಾತು. ಜಪಕ್ಕೆ ಕುಳಿತರೆ ಕಿವಿಯಲ್ಲಿ ಓಲಗವೇ ಕೇಳಿಸುತ್ತದೆ."

ನಾವೆಲ್ಲ ನಕ್ಕೆವು. ಶಂಭುಲಿಂಗ ನಗಲಿಲ್ಲ. ಗುರುಗಳು ಬುಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ದೈವಭಕ್ತ. ಪಂಚಾಂಗ ನೋಡದೆ ಅಂಗಡಿಯ ಪೊರಕೆಯನ್ನೂ ಬದಲಾಯಿಸುತ್ತಿರಲಿಲ್ಲ. ಅವನ ಬಳಿ ಒಂದು ಟರ್ಬೋ ಕಾರು ಇತ್ತು.

"ಟರ್ಬೋ ಅಂದರೇನು ಗುರುಗಳೇ?" ಎಂದು ನಮ್ಮಲ್ಲೊಬ್ಬರು ಕೇಳಿದರು.

"ಇಂಜಿನ್ನು ಹೊಗೆ ಬಿಡುತ್ತದಲ್ಲ, ಆ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ ಹೋಗುತ್ತದೆ. ಆ ಚಕ್ರದ ಬಲದಿಂದ ಇಂಜಿನ್ನಿಗೆ ಹೊಸ ಗಾಳಿ ಊದಿದಂತಾಗುತ್ತದೆ. ಬಿಟ್ಟ ಉಸಿರೇ ಎಳೆಯುವ ಉಸಿರಿಗೆ ಬಲ. ಪ್ರಾಣಾಯಾಮದಲ್ಲಿ ಇದನ್ನೇ ನಿಮಗೆ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಕಾರಿಗೆ ಅರ್ಥವಾಗಿದೆ."

ಹೀಗೆಂದು ಗುರುಗಳು ಮುಂದುವರಿಸಿದರು.

ಆ ಚಕ್ರದಿಂದ ಹೊಗೆಯನ್ನು ಹಿಂದಕ್ಕೆ ಒಯ್ಯುವ ಕೊಳವೆ ತುಕ್ಕು ಹಿಡಿದು ಬಿರಿದಿತ್ತು. ಹೊಗೆ ಕಾರಿನೊಳಗೇ ಬರುತ್ತಿತ್ತು. ಒಬ್ಬನೇ ಓಡಾಡುವಾಗ ವ್ಯಾಪಾರಿ ಕಿಟಕಿ ಇಳಿಸಿಕೊಂಡು, ಕೆಮ್ಮುತ್ತ ದಿನ ದೂಡಿದ. ಆದರೆ ಈಗ ಮಗಳನ್ನು ಹೆರಿಗೆಗೆ ತವರಿಗೆ ಕರೆತರಬೇಕಾಗಿತ್ತು. ಚೊಚ್ಚಲು ಬಸುರಿ. ಬೀಗರ ಊರು ಎರಡು ಗಂಟೆಯ ದಾರಿ. ವ್ಯಾಪಾರಿ ಪಂಚಾಂಗ ತಿರುವಿ ಒಂದು ದಿನ ಗೊತ್ತುಮಾಡಿದ. ಅದು ತಪ್ಪಿದರೆ ಹೆರಿಗೆಯೊಳಗೆ ಇನ್ನೊಂದು ಒಳ್ಳೆಯ ದಿನವಿರಲಿಲ್ಲ. ಆ ದಿನ ಹೊತ್ತು ಮುಳುಗುವ ಮುಂಚೆ ಮಗಳು ತವರಿನ ಹೊಸಿಲು ತುಳಿಯಬೇಕು. ಹೊಗೆ ತುಂಬುವ ಗಾಡಿಯಲ್ಲಿ ಅವಳನ್ನು ಕೂರಿಸುವುದು ಹೇಗೆ?

ಕಂಪನಿಯ ಕೊಳವೆ ಬರಲು ತಿಂಗಳಾಗುತ್ತದೆ ಎಂದರು. ಅದಕ್ಕೆ ಅವನು ಹೊರಗಿನವರು ತಯಾರಿಸಿದ ಕೊಳವೆಯೊಂದನ್ನು ತರಿಸಿದ. ಹಳೆಯದಕ್ಕಿಂತ ಅಗಲ, ತೊಳೆದಿಟ್ಟ ಬೆಳ್ಳಿ ಚೊಂಬಿನಂತೆ ಹೊಳೆಯುತ್ತಿತ್ತು. ಊರಿನ ಮೆಕ್ಯಾನಿಕ್ ಕಾಶಿಯಾತ್ರೆಗೆ ಹೋಗಿದ್ದ. ಮದುವೆಗಳ ಕಾಲವಾದ್ದರಿಂದ ಬಾಡಿಗೆಗೂ ಗಾಡಿ ಸಿಗಲಿಲ್ಲ. ಆಗ ವ್ಯಾಪಾರಿಯ ಭಾವಮೈದ, "ನಾನಿದೀನಲ್ಲ ಭಾವ, ಮನೆಯಲ್ಲೇ ಹಾಕೋಣ" ಎಂದ. ಅವನಿಗೆ ಗಾಡಿ ಬಿಚ್ಚುವ ಹುಚ್ಚು.

"ನೀನು ಬಿಚ್ಚೋದು ನೋಡಿದೀನಿ, ಜೋಡಿಸೋದು ಇದುವರೆಗೂ ನೋಡಿಲ್ಲ" ಎಂದಳು ಅವನ ಅಕ್ಕ, ಅಂದರೆ ವ್ಯಾಪಾರಿಯ ಹೆಂಡತಿ.

ಹಿಂದಿನ ಸಂಜೆಯೇ ಮನೆಯ ಮುಂದೆ ಕಾರನ್ನು ಜಾಕಿಯಿಂದ ಎತ್ತಿ, ಕಬ್ಬಿಣದ ಕಾಲುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಹಳೆಯ ಕೊಳವೆಯನ್ನು ಬಿಚ್ಚಿ ತೆಗೆದರು. ಬೆಳಗ್ಗೆ ಅಮೃತಗಳಿಗೆ ಬರುತ್ತಲೇ ವ್ಯಾಪಾರಿ ತನ್ನ ತಾಯಿಯನ್ನು ಕರೆದ.

"ಮೊದಲನೇ ನಟ್ಟು ನಿನ್ನ ಕೈಯಲ್ಲೇ ಆಗಬೇಕು ಅವ್ವ."

ಭಾವಮೈದ ಅಡಿಯಿಂದ ಕೊಳವೆಯನ್ನು ಎತ್ತಿ ಟರ್ಬೋದ ಬಾಯಿಗೆ ಹಿಡಿದ. ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತೆರೆದ ಬಾನೆಟ್ಟಿನೊಳಗೆ ಬಗ್ಗಿ, ಕೊಳವೆಗೆ ಕುಂಕುಮವಿಟ್ಟು, ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ತಿರುಗಿಸಿದಳು. "ಇನ್ನೂ ಸ್ವಲ್ಪ ಅವ್ವ, ಇನ್ನೂ ಸ್ವಲ್ಪ" ಎಂದು ವ್ಯಾಪಾರಿ ತಾಯಿಯ ಕೈಮೇಲೆ ತನ್ನ ಕೈ ಇಟ್ಟು ಒತ್ತಿದ. ನಟ್ಟು ಇನ್ನು ಕೂದಲೆಳೆಯಷ್ಟೂ ತಿರುಗದು ಎಂಬಲ್ಲಿಯವರೆಗೆ ಒತ್ತಿದ. ಗಂಟೆ ಬಾರಿಸಿದರು. ಕಾಯಿ ಒಡೆದರು. ಕಾಯಿಚೂರಿಗೆ ಬೆಲ್ಲ ಸೇರಿಸಿ ಬೀದಿಗೆಲ್ಲ ಹಂಚಿದರು.

ಆಮೇಲೆ ತೊಂದರೆ ಸುರುವಾಯಿತು.

ಕೊಳವೆಯ ಇನ್ನೊಂದು ತುದಿ ಹಿಂದಿನ ಸೈಲೆನ್ಸರಿನ ಕೊಳವೆಗೆ ಕೂಡಬೇಕು. ಕೂಡಲಿಲ್ಲ. ಎರಡು ಬೆರಳಷ್ಟು ಪಕ್ಕಕ್ಕೆ ಮುಖ ತಿರುಗಿಸಿ ನಿಂತಿತ್ತು. ಭಾವಮೈದ ಕಾರಿನಡಿ ಮಲಗಿ ತಳ್ಳಿದ. ವ್ಯಾಪಾರಿ ಎಳೆದ. ಕೊಳವೆಯನ್ನು ತೂಗುಹಾಕುವ ರಬ್ಬರ್ ಬಳೆಗಳಿಗೆ ಸೋಪಿನ ನೊರೆ ಹಚ್ಚಿ ಜಾರಿಸಿ ನೋಡಿದರು. ಹಾರೆ ಕೊಟ್ಟು ಮೀಟಿದರು. ಎಡಕ್ಕೆ ತಂದರೆ ಮೇಲಕ್ಕೆದ್ದಿತು. ಮೇಲಿನಿಂದ ಒತ್ತಿದರೆ ಬಲಕ್ಕೆ ಹೋಯಿತು.

"ಭಾವ," ಎಂದು ಕಾರಿನಡಿಯಿಂದ ದನಿ ಬಂತು. "ಮುಂದಿನ ಆ ನಟ್ಟನ್ನ ಒಂದೆರಡು ಸುತ್ತು ಸಡಿಲ ಮಾಡೋಣ. ಎಲ್ಲಾ ನಟ್ಟೂ ಮೊದಲು ಬೆರಳಲ್ಲೇ ಹಾಕ್ಕೊಂಡು, ಎಲ್ಲಾ ಕೂತ ಮೇಲೆ ಬಿಗೀಬೇಕು. ಅಲ್ಲಿ ಕೂದಲೆಳೆಯಷ್ಟು ಓರೆಯಾದರೆ ಇಲ್ಲಿ ಎರಡು ಬೆರಳಾಗುತ್ತೆ."

"ಏನಂದೆ?"

"ಸಡಿಲ ಅಂದೆ."

"ಅಮೃತಗಳಿಗೇಲಿ ಅವ್ವನ ಕೈಯಲ್ಲಿ ಬಿಗಿದಿದ್ದು ಕಣಯ್ಯಾ! ಈ ಗಾಡಿಯಲ್ಲಿ ಬರೋಳು ಬಸುರಿ. ಇನ್ನೊಂದು ಸಲ ಆ ಮಾತಾಡಿದರೆ ಗಾಡಿ ನಿನ್ನ ಮೇಲೇ ಇಳಿಸಿಬಿಡ್ತೀನಿ."

"ಇಳಿಸಿ ಭಾವ. ಆಮೇಲೆ ಅಕ್ಕನಿಗೆ ನೀವೇ ಹೇಳ್ಕೊಳ್ಳಿ."

ವ್ಯಾಪಾರಿಗೆ ನಗು ಬಂತು, ಮನಸ್ಸು ಮಾತ್ರ ಒಪ್ಪಲಿಲ್ಲ. ಅವನದು ಹಟವಲ್ಲ, ಹೆದರಿಕೆ. ಶುಭಗಳಿಗೆಯಲ್ಲಿ ಕೂಡಿಸಿದ್ದನ್ನು ಬಿಡಿಸಿದರೆ ಎಲ್ಲಿ ಮಗಳಿಗೆ ಕೇಡು ತಗುಲೀತೋ ಎಂಬ ಹೆದರಿಕೆ. ಆದ್ದರಿಂದ ಆ ಒಂದು ನಟ್ಟನ್ನು ಬಿಟ್ಟು ಕಾರಿನಡಿ ಇದ್ದಬದ್ದದ್ದನ್ನೆಲ್ಲ ಸಡಿಲಿಸಿದ. ಹಿಂದಿನ ಸೈಲೆನ್ಸರನ್ನೇ ಕೆಳಗಿಳಿಸಿ ಮತ್ತೆ ಏರಿಸಿದ. ಚೆನ್ನಾಗಿದ್ದ ತೂತುಗಳನ್ನು ಅರದಿಂದ ಉಜ್ಜಿ ಅಗಲ ಮಾಡಲು ಹೊರಟ. ಭಾವಮೈದ ಅರವನ್ನು ಕಿತ್ತುಕೊಂಡು ಬೆನ್ನ ಕೆಳಗೆ ಇಟ್ಟುಕೊಂಡು ಮಲಗಿದ. ಪ್ರಸಾದ ತಿಂದ ಬೀದಿಯವರೆಲ್ಲ ಸುತ್ತ ನಿಂತು ಸಲಹೆ ಕೊಟ್ಟರು. ಒಬ್ಬರು, ಕೊಳವೆ ಬಗ್ಗದಿದ್ದರೆ ಕಾರನ್ನೇ ಸ್ವಲ್ಪ ಬಗ್ಗಿಸಿ ಎಂದರು.

ಮಧ್ಯಾಹ್ನ ಮಗಳ ಫೋನ್ ಬಂತು.

"ಅಪ್ಪಾ, ಹೊರಟ್ಯಾ? ಮಡಿಲು ತುಂಬಿ ಆಯ್ತು. ಅತ್ತೆ ಬಾಗಿಲಿಗೂ ಒಳಕ್ಕೂ ಓಡಾಡ್ತಾ ಇದ್ದಾರೆ. ಈ ಜರಿ ಸೀರೇಲಿ ಕೂತು ಬೆವೆತು ಹೋಗಿದೀನಿ."

"ಹೊರಟೆ ಮಗಳೇ, ಇನ್ನೇನು ಹೊರಟೆ" ಎಂದ ವ್ಯಾಪಾರಿ. ಫೋನಿಟ್ಟು, ಮಸಿ ಕೈಯಿಂದಲೇ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಇನ್ನೊಂದು ಗಂಟೆಯೊಳಗೆ ಹೊರಡದಿದ್ದರೆ ಹೊತ್ತು ಮುಳುಗುವುದರೊಳಗೆ ಹಿಂತಿರುಗುವಂತಿರಲಿಲ್ಲ.

ತಾಯಿ ಮಜ್ಜಿಗೆ ತಂದಳು. "ಯಾಕೋ, ಮುಖ ಸೌದೆ ಒಲೆ ಥರ ಮಾಡ್ಕೊಂಡು ಕೂತಿದೀಯ?"

ವ್ಯಾಪಾರಿ ಹೇಳಿದ. ತಾಯಿ ಪೂರ್ತಿ ಕೇಳಿಸಿಕೊಂಡಳು.

"ಅಂದರೆ ನಾನು ಬಿಗಿದಿದ್ದು ಅಡ್ಡ ಬಂದಿದೆ ಅನ್ನು."

"ಹಾಗನ್ನಬೇಡ ಅವ್ವ."

"ನಿನಗೆ ಉಡಿದಾರ ಕಟ್ಟಿದೋರು ಯಾರೋ?"

"ನೀನೇ."

"ಒಳ್ಳೆ ಗಳಿಗೆ ನೋಡಿ, ದೇವರ ಮುಂದೆ ಮಲಗಿಸಿ ಕಟ್ಟಿದೆ. ಆಗ ನಿನ್ನ ಸೊಂಟ ನನ್ನ ತೋಳಷ್ಟಿತ್ತು. ನೀನು ಮೈ ತುಂಬ್ಕೊಂಡ ಹಾಗೆಲ್ಲ ಬಿಚ್ಚಿ ಬಿಚ್ಚಿ ಸಡಿಲ ಮಾಡಿದೆ. ಒಳ್ಳೆ ಗಳಿಗೇಲಿ ಕಟ್ಟಿದ್ದು, ಬಿಚ್ಚಬಾರದು ಅಂತ ನಾನೂ ಕೂತಿದ್ರೆ ನಿನ್ನ ಗತಿ ಏನಾಗ್ತಿತ್ತು? ಈಗ ಒಂದು ಸಲ ಆ ಹೊಟ್ಟೆ ನೋಡ್ಕೋ!"

ಬೀದಿ ಗೊಳ್ಳೆಂದು ನಕ್ಕಿತು. ಕಾರಿನಡಿಯೂ ನಕ್ಕಿತು.

"ದೇವರೇನು ಗಂಟಿನೊಳಗೆ ಕೂತಿರ್ತಾನೇನೋ, ಬಿಚ್ಚಿದ ತಕ್ಷಣ ಹಾರಿಹೋಗೋಕೆ? ಅವನ ಕಣ್ಣು ಮಗು ಮೇಲಿರುತ್ತೆ. ಕೊಡು ಇಲ್ಲಿ ಆ ಸ್ಪ್ಯಾನರ್."

ತಾಯಿ ಮತ್ತೆ ಸೆರಗು ಸಿಕ್ಕಿಸಿಕೊಂಡಳು. ಸ್ಪ್ಯಾನರನ್ನು ಮತ್ತೆ ಕಣ್ಣಿಗೊತ್ತಿಕೊಂಡಳು. "ಸ್ವಾಮಿ, ಬಿಗಿದವಳೂ ನಾನೇ, ಬಿಡಿಸೋಳೂ ನಾನೇ. ತಪ್ಪಿದ್ದರೆ ನನ್ನ ತಲೆಗಿರಲಿ. ನನ್ನ ಮೊಮ್ಮಗಳು ಸುಖವಾಗಿ ಮನೆಗೆ ಬರಲಿ" ಎಂದು ತಿರುಗಿಸಿದಳು. ನಟ್ಟು ಅಲುಗಲಿಲ್ಲ. ಮಗನ ಮುಖ ನೋಡಿದಳು. ವ್ಯಾಪಾರಿ ಎದ್ದು ಬಂದ. ಕಣ್ಣು ಮುಚ್ಚಿಕೊಂಡು, ತಾಯಿಯ ಕೈಮೇಲೆ ಕೈ ಇಟ್ಟ. ನಟ್ಟು ಕಿರ್ರೆಂದು ಬಿಟ್ಟುಕೊಂಡಿತು.

ಅಡಿಯಲ್ಲಿ ಕೊಳವೆ ತಾನಾಗಿಯೇ ಹೊರಳಿ, ಬಾಯಿಗೆ ಬಾಯಿ ಕೊಟ್ಟು ಕುಳಿತಿತು.

"ಕೂತ್ಕೊಂಡ್ತು! ಅತ್ತೆ, ಕೂತ್ಕೊಂಡ್ತು!" ಎಂದು ಭಾವಮೈದ ಕೂಗಿದ. ಏಳಹೋಗಿ ಕಾರಿಗೆ ಹಣೆ ಹೊಡೆಸಿಕೊಂಡ. ಅದಕ್ಕೂ ನಕ್ಕ.

ಎಲ್ಲ ನಟ್ಟುಗಳನ್ನೂ ಬೆರಳಲ್ಲೇ ಏರಿಸಿದರು. ಕೊಳವೆಯನ್ನು ಅಲುಗಿಸಿ, ಎಲ್ಲೂ ತಾಗುವುದಿಲ್ಲವೆಂದು ನೋಡಿದರು. ಆಮೇಲೆ ಮುಂದಿನಿಂದ ಹಿಂದಕ್ಕೆ, ಇದಕ್ಕಿಷ್ಟು ಅದಕ್ಕಿಷ್ಟು ಎಂದು ಬಿಗಿಯುತ್ತ ಬಂದರು. ತಾಯಿಯ ನಟ್ಟು ಉಳಿದವುಗಳ ಜೊತೆಗೆ, ಬೆಳಗ್ಗೆ ಇದ್ದಷ್ಟೇ ಗಟ್ಟಿಯಾಗಿ ಕುಳಿತಿತು. ಕಾರನ್ನು ಇಳಿಸಿ ಇಂಜಿನ್ ಚಾಲೂ ಮಾಡಿದರು. ಹಿಂದಿನ ತುದಿಗೆ ದಪ್ಪ ಒದ್ದೆ ಬಟ್ಟೆ ಒತ್ತಿ ಹಿಡಿದು ಕಿವಿಗೊಟ್ಟರು. ಎಲ್ಲೂ ಹೊಗೆ ಸೋರುವ ಸಪ್ಪಳವಿಲ್ಲ. ದನಿ ಮಾತ್ರ ಮೊದಲಿಗಿಂತ ಸ್ವಲ್ಪ ದಪ್ಪವಾಗಿತ್ತು.

"ಗಾಡಿಗೆ ಮೀಸೆ ಬಂದಿದೆ" ಎಂದಳು ತಾಯಿ.

ವ್ಯಾಪಾರಿ ಕೈಕಾಲು ತೊಳೆದು, ಪಂಚೆ ಬದಲಿಸಿ, ಹಾಗೇ ಹೊರಟ. ಬೀಗರ ಮನೆಯಲ್ಲಿ ಕೂತು ಉಣ್ಣಲಿಲ್ಲ; ಬೀಗಿತ್ತಿ ಹೋಳಿಗೆಯನ್ನು ಬಾಳೆಲೆಯಲ್ಲಿ ಕಟ್ಟಿ ಕಾರಿನೊಳಗೆ ಇಟ್ಟಳು. ಭಗವಂತನ ಕರುಣೆ, ದಾರಿ ತೆರವಾಗಿತ್ತು. ಸೂರ್ಯ ಮನೆಗಳ ಮಾಡಿನ ಮೇಲೆ ಇನ್ನೂ ಕೆಂಪಗೆ ಕುಳಿತಿರುವಾಗಲೇ ಕಾರು ಬೀದಿಯ ತಿರುವಿನಲ್ಲಿ ಗುಂಯ್ ಎಂದಿತು. ಆರತಿಯ ತಟ್ಟೆ ಹಿಡಿದು ಹೆಂಗಸರೆಲ್ಲ ಬಾಗಿಲಿಗೆ ಓಡಿದರು. ಮಗಳು ಇಳಿದು, ಬಲಗಾಲಿಟ್ಟು ಹೊಸಿಲು ದಾಟಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ಅಜ್ಜಿ, ಅಪ್ಪ ದಾರಿಯುದ್ದಕ್ಕೂ ತನ್ನ ಹೊಟ್ಟೆ ತಾನೇ ಮುಟ್ಕೊಂಡು ನಗ್ತಾ ಇದ್ದಾನೆ. ಬಸುರಿ ನಾನೋ ಅವನೋ?"

ಮನೆ ತುಂಬ ನಗು ಎದ್ದಿತು. ವ್ಯಾಪಾರಿ ದೇವರ ಮನೆಗೆ ಹೋಗಿ ಅಡ್ಡಬಿದ್ದ.

ಕತೆ ಮುಗಿಯಿತು. ಗುರುಗಳು ಹೂವಿನ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಶಂಭುಲಿಂಗನ ಮುಖ ಅರಳಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ಗುರುಗಳೇ, ಹೀಗೆ ಸಡಿಲಬಿಟ್ಟ ಸಂಕಲ್ಪ ಮತ್ತೆ ಗಟ್ಟಿಯಾಗುವುದು ಯಾವಾಗ?"

"ಮದುವೆ ಮುಗಿಸಿಕೊಂಡು ಬಾ, ಇಬ್ಬರೂ ಸೇರಿ ಬಿಗಿಯೋಣ" ಎಂದರು ಗುರುಗಳು.

ಶಂಭುಲಿಂಗ ಗುರುಗಳ ಕಾಲಿಗೆರಗಿ, ಬಟ್ಟೆಯ ಗಂಟು ಕಟ್ಟಿಕೊಳ್ಳಲು ಒಳಗೆ ಓಡಿದ.